ಬಾಹ್ಯಾಕಾಶಕ್ಕೆ ಹೋಗುವ ಪ್ರಯೋಗಗಳನ್ನು ನೆಲದ ಮೇಲೆ ಸಿದ್ಧ ಮಾಡುವವರು ನಿಜಕ್ಕೂ ಏನು ಮಾಡುತ್ತಾರೆ?

ಸುಮ್ನೆಕೇಳ್ದೆ:

ಎಲ್ಲರಿಗೂ ನಮಸ್ಕಾರ. ನಾನು ಮೈಕ್ರೋಬಯಾಲಜಿ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಬಾಹ್ಯಾಕಾಶ ನಿಲ್ದಾಣದ ವಿಡಿಯೊಗಳನ್ನು ಸ್ವಲ್ಪ ಜಾಸ್ತಿಯೇ ನೋಡುತ್ತೇನೆ. ಅದರಲ್ಲಿ ಗಗನಯಾತ್ರಿ ಒಂದು ಡಬ್ಬಿ ಹೊರಗೆ ತೆಗೆಯುತ್ತಾರೆ, ಒಂದು ಹಿಡಿಕೆ ತಿರುಗಿಸುತ್ತಾರೆ, ಆಮೇಲೆ ಅದನ್ನು ಫ್ರೀಜರಿಗೆ ಹಾಕುತ್ತಾರೆ. ಅಲ್ಲಿಗೆ ಪ್ರಯೋಗ ಮುಗಿಯಿತು. ಹಾಗಾದರೆ ಆ ಡಬ್ಬಿ ಮಾಡಿದವರು ಯಾರು, ಒಳಗೆ ತುಂಬಿದವರು ಯಾರು, ಹಿಡಿಕೆಯನ್ನು ಎಷ್ಟು ತಿರುಗಿಸಬೇಕು ಅಂತ ಬರೆದುಕೊಟ್ಟವರು ಯಾರು?

ನನ್ನ ಜೊತೆಯವನೊಬ್ಬ "ಲ್ಯಾಬಲ್ಲಿ ಮಾಡಿದ್ದನ್ನೇ ಚೆನ್ನಾಗಿ ಪ್ಯಾಕ್ ಮಾಡಿ ಕಳಿಸ್ತಾರೆ ಕಣೋ, ಅದರಲ್ಲೇನಿದೆ" ಅನ್ನುತ್ತಾನೆ. ಆದರೆ ಒಂದು ಪ್ರಯೋಗ ಆಯ್ಕೆಯಾಗಿ ಮೇಲೆ ಹೋಗುವುದಕ್ಕೆ ವರ್ಷಗಳೇ ಹಿಡಿಯುತ್ತವೆ ಅಂತಲೂ ಓದಿದ್ದೇನೆ. ಪ್ಯಾಕಿಂಗಿಗೆ ಅಷ್ಟು ಹೊತ್ತು ಬೇಕಾ? ಈ ಕೆಲಸ ಮಾಡಿದವರು ಅಥವಾ ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ಹೇಳಿ. ಇದು ವಿಜ್ಞಾನದ ಕೆಲಸವೋ, ಎಂಜಿನಿಯರಿಂಗೋ, ಗುಮಾಸ್ತಗಿರಿಯೋ? ನನ್ನಂಥವರಿಗೆ ಅಲ್ಲಿ ಏನಾದರೂ ಕೆಲಸ ಇದೆಯಾ?

ಹಸಿರೆಲೆ:

ಮೂರೂ ಹೌದು. ನಾನು ಗಿಡಗಳ ಕಡೆಯವಳು, ಅದಕ್ಕೇ ಆ ಭಾಗ ಮಾತ್ರ ಹೇಳುತ್ತೇನೆ.

ನಿಮ್ಮ ಸ್ನೇಹಿತರ ಮಾತಿನಲ್ಲಿ ತಪ್ಪು ಎಲ್ಲಿದೆ ಅಂದರೆ, ಲ್ಯಾಬಿನಲ್ಲಿ ಮಾಡಿದ್ದನ್ನು ಹಾಗೆಯೇ ಕಳಿಸಲು ಆಗುವುದೇ ಇಲ್ಲ. ನೀವು ಪೆಟ್ರಿ ಡಿಶ್‌ನ ಮುಚ್ಚಳ ತೆಗೆದು, ಪಿಪೆಟ್‌ನಲ್ಲಿ ಫಿಕ್ಸೆಟಿವ್ (ಜೀವಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಹಿಡಿದಿಡುವ ರಾಸಾಯನಿಕ) ಹಾಕಿ, ಮತ್ತೆ ಮುಚ್ಚುತ್ತೀರಿ ಅಲ್ವಾ? ಮೇಲೆ ಮುಚ್ಚಳ ತೆಗೆದರೆ ದ್ರವ ತಟ್ಟೆಯಲ್ಲೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಫಾರ್ಮಾಲ್ಡಿಹೈಡ್‌ನಂಥ ಫಿಕ್ಸೆಟಿವ್‌ನ ಒಂದು ಹನಿ ತೇಲಿಕೊಂಡು ಹೋಗಿ ಯಾರದೋ ಕಣ್ಣಿಗೆ ಬಿದ್ದರೆ ಮುಗಿಯಿತು. ಅದಕ್ಕೆ ಬ್ರಿಕ್ ಅನ್ನುವ ಒಂದು ಡಬ್ಬಿ ಇದೆ. ಅದರೊಳಗಿನ ಪ್ರತಿ ಘಟಕದಲ್ಲೂ 60 ಮಿಲಿಮೀಟರ್‌ನ ಒಂದು ಪೆಟ್ರಿ ಡಿಶ್ ಇರುತ್ತದೆ, ಫಿಕ್ಸೆಟಿವ್ ಒಂದು ಪಿಸ್ಟನ್ನಿನ ಹಿಂದೆ ಬೇರೆಯಾಗಿ ಕೂತಿರುತ್ತದೆ. ಗಗನಯಾತ್ರಿ ಹೊರಗಿನಿಂದ ಒಂದು ಸಾಧನ ಹಾಕಿ ಪಿಸ್ಟನ್ ಒತ್ತುತ್ತಾರೆ, ದ್ರವ ಡಿಶ್ಶಿಗೆ ನುಗ್ಗುತ್ತದೆ. ನೀವು ವಿಡಿಯೊದಲ್ಲಿ ನೋಡಿದ್ದು ಇಂಥದ್ದನ್ನೇ ಇರಬಹುದು.

ಈಗ ಅಸಲಿ ಕೆಲಸ ಶುರು. ತೆರೆದ ಬೆಂಚಿನ ಮೇಲೆ ಚೆನ್ನಾಗಿ ಬೆಳೆದ ನಿಮ್ಮ ಜೀವಿ ಆ ಮುಚ್ಚಿದ, ಕತ್ತಲೆಯ ಡಬ್ಬಿಯಲ್ಲಿ ಬೆಳೆಯುತ್ತದಾ? ಇರುವಷ್ಟು ಗಾಳಿ ಎಷ್ಟು ದಿನಕ್ಕೆ ಸಾಕು? ಒಳಗಿನ ರಬ್ಬರ್ ಉಂಗುರ, ಅದಕ್ಕೆ ಹಚ್ಚಿದ ಗ್ರೀಸ್, ಪ್ಲಾಸ್ಟಿಕ್ಕು, ಇವುಗಳಿಂದ ಏನಾದರೂ ಬಿಡುಗಡೆಯಾಗಿ ಜೀವಕೋಶಗಳಿಗೆ ತೊಂದರೆ ಆಗುತ್ತದಾ? ಇದನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಬೇಕು. ಎಷ್ಟೋ ಸಲ ಜೀವಿಯನ್ನೇ ಬದಲಾಯಿಸುತ್ತಾರೆ, ಅಥವಾ ಬೇರೆ ತಳಿ ಹುಡುಕುತ್ತಾರೆ. "ನನ್ನ ಪ್ರಯೋಗಕ್ಕೆ ತಕ್ಕ ಡಬ್ಬಿ ಬೇಕು" ಅಂತ ಬಂದ ವಿಜ್ಞಾನಿ ಕೊನೆಗೆ ಇರುವ ಡಬ್ಬಿಗೆ ತಕ್ಕ ಪ್ರಯೋಗ ಮಾಡಿಕೊಂಡು ಹೋಗುವುದೇ ಜಾಸ್ತಿ. ಹೊಸ ಡಬ್ಬಿ ಅಂದರೆ ಹೊಸದಾಗಿ ಎಲ್ಲ ಪರೀಕ್ಷೆ, ಹೊಸದಾಗಿ ಎಲ್ಲ ಅನುಮತಿ. ಯಾರಿಗೂ ಅದು ಬೇಕಿಲ್ಲ.

ನಿಲ್ದಾಣದ ವೆಜ್ಜಿ ಅನ್ನುವ ಪುಟ್ಟ ತೋಟ ಗೊತ್ತಿರಬಹುದು, 2014ರಲ್ಲಿ ಮೇಲೆ ಹೋಯಿತು. ಅದಕ್ಕೆ ಕಳಿಸುವ ಬೀಜಗಳು ಸಣ್ಣ ದಿಂಬಿನಂಥ ಚೀಲದಲ್ಲಿರುತ್ತವೆ. ಒಳಗೆ ಸುಟ್ಟ ಜೇಡಿಮಣ್ಣಿನ ಹರಳು, ನಿಧಾನವಾಗಿ ಕರಗುವ ಗೊಬ್ಬರ. ಮೇಲೆ ನೀರು ಹೀರುವ ಬತ್ತಿ. ಬೀಜವನ್ನು ಆ ಬತ್ತಿಗೆ ಗೌರ್ ಗಮ್, ಅಂದರೆ ಗೋರಿಕಾಯಿ ಬೀಜದ ಅಂಟಿನಿಂದ ಅಂಟಿಸುತ್ತಾರೆ. ಅದನ್ನೂ ಹೇಗೆಂದರೆ ಹಾಗೆ ಅಂಟಿಸುವಂತಿಲ್ಲ, ಬೇರು ಬರುವ ತುದಿ ಒಳಮುಖವಾಗಿರಬೇಕು. ನೆಲದಲ್ಲಾದರೆ ಬೀಜ ಹೇಗೆ ಬಿದ್ದರೂ ಬೇರು ಕೆಳಗೆ ದಾರಿ ಹುಡುಕಿಕೊಳ್ಳುತ್ತದೆ, ಮೇಲೆ "ಕೆಳಗೆ" ಅನ್ನುವುದೇ ಇಲ್ಲ. ಬೀಜ ಅಂಟಿಸುವುದಕ್ಕೆ ಮುಂಚೆ ಅದರ ಮೇಲಿನ ಸೂಕ್ಷ್ಮಜೀವಿಗಳನ್ನು ಕೊಲ್ಲಬೇಕು. ಆದರೆ ಜಾಸ್ತಿ ಕ್ಲೋರಿನ್ ಹೊಗೆ ಕೊಟ್ಟರೆ ಬೀಜವೇ ಮೊಳೆಯುವುದಿಲ್ಲ, ಕಡಿಮೆ ಆದರೆ ಬೂಷ್ಟು. ಒಂದೊಂದು ತಳಿಗೆ ಒಂದೊಂದು ಅಳತೆ. ಇದನ್ನು ಕಂಡುಹಿಡಿಯುವುದು ನಿಮ್ಮಂಥ ಮೈಕ್ರೋಬಯಾಲಜಿಯವರೇ. ಹಾಗಾಗಿ ಜಾಗ ಇದೆ.

ನೀರಿನ ಕಥೆ ಕೇಳಲೇಬೇಡಿ. ಮೇಲೆ ನೀರು ಕೆಳಗೆ ಇಳಿಯುವುದಿಲ್ಲ, ಬೇರಿಗೆ ಅಂಟಿಕೊಂಡು ಬಿಡುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. 2015ರ ಕೊನೆಯಲ್ಲಿ ಜಿನ್ನಿಯಾ ಹೂವಿನ ಗಿಡಗಳಲ್ಲಿ ಒದ್ದೆ ಜಾಸ್ತಿಯಾಗಿ ಬೂಷ್ಟು ಬಂದಿತ್ತು. ಫ್ಯಾನ್ ಜೋರು ಮಾಡಿದರು, ಆಗ ನಿಲ್ದಾಣದಲ್ಲಿದ್ದ ಗಗನಯಾತ್ರಿ ಸ್ಕಾಟ್ ಕೆಲ್ಲಿ ಅವರಿಗೆ ವೇಳಾಪಟ್ಟಿ ಬಿಟ್ಟು ಗಿಡ ನೋಡಿ ನೀರು ಹಾಕುವ ಸ್ವಾತಂತ್ರ್ಯ ಕೊಟ್ಟರು, 2016ರ ಜನವರಿಯಲ್ಲಿ ಹೂ ಬಿಟ್ಟಿತು. ಪೇಪರಿನಲ್ಲಿ ಹೂವಿನ ಫೋಟೊ ಬಂತು. ನಮ್ಮಂಥವರು ನೋಡಿದ್ದು ಬೂಷ್ಟಿನ ಫೋಟೊ.

ಕಾಗದಹುಲಿ:

ಹಸಿರೆಲೆ ಮೇಡಂ ಚೆನ್ನಾಗಿ ಹೇಳಿದ್ದಾರೆ. ಆದರೆ ವರ್ಷಗಟ್ಟಲೆ ಯಾಕೆ ಹಿಡಿಯುತ್ತದೆ ಅಂದರೆ ನಮ್ಮಿಂದ. ಸುರಕ್ಷತೆಯ ಕಡೆಯವರಿಂದ. ಬೈಯ್ಯಿರಿ, ಅಭ್ಯಾಸ ಇದೆ.

ಇಲ್ಲಿ ಒಂದು ನಿಯಮ ಅರ್ಥವಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಯಾವುದರಿಂದ ಜೀವ ಹೋಗುವ ಅಪಾಯವಿದೆಯೋ ಅದಕ್ಕೆ ಒಂದಲ್ಲ, ಎರಡು ವೈಫಲ್ಯ ಆದರೂ ಏನೂ ಆಗಬಾರದು. ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ತಡೆ ಬೇಕು. ಹಾಗಾಗಿ ತುಂಬ ವಿಷಕಾರಿ ಫಿಕ್ಸೆಟಿವ್‌ಗೆ ಮೂರು ಪದರದ ಕವಚ. ವಿಜ್ಞಾನಿಗಳು "ಇಷ್ಟು ಚೂರು ದ್ರವಕ್ಕೆ ಮೂರು ಪದರಾನಾ" ಅಂತ ಕೇಳುತ್ತಾರೆ. ಹೌದು ಸ್ವಾಮಿ. ಅಲ್ಲಿ ಕಿಟಕಿ ತೆಗೆದು ಗಾಳಿ ಬಿಡಲು ಆಗುವುದಿಲ್ಲ.

ಪಟ್ಟಿ ಬರೆಯುತ್ತ ಹೋದರೆ ಮುಗಿಯುವುದಿಲ್ಲ, ಆದರೆ ಹೊಸಬರಿಗೆ ಆಶ್ಚರ್ಯ ಆಗುವ ಒಂದೆರಡು ಹೇಳುತ್ತೇನೆ. ಗಾಜು ಇದ್ದರೆ ಒಡೆದಾಗ ಚೂರು ಹೊರಗೆ ಬಾರದಂತೆ ಮುಚ್ಚಿರಬೇಕು, ಯಾಕೆಂದರೆ ಚೂರು ನೆಲಕ್ಕೆ ಬೀಳುವುದಿಲ್ಲ, ಗಾಳಿಯಲ್ಲೇ ಇರುತ್ತದೆ, ಉಸಿರಿನಲ್ಲಿ ಒಳಗೆ ಹೋಗಬಹುದು. ಪಾದರಸದ ಥರ್ಮಾಮೀಟರ್ ಹೆಸರೇ ಎತ್ತಬೇಡಿ, ಅದರ ಆವಿ ವಿಷ, ಮೇಲಾಗಿ ಪಾದರಸ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಡಬ್ಬಿಯ ಅಂಚುಗಳನ್ನೆಲ್ಲ ಗ್ಲೌಸ್ ಹಾಕಿದ ಕೈಯಿಂದ ಸವರಿ ನೋಡುತ್ತಾರೆ, ಎಲ್ಲಾದರೂ ಗ್ಲೌಸ್ ಸಿಕ್ಕಿಕೊಂಡರೆ ವಾಪಸ್. ಆಮೇಲೆ ಇಡೀ ಉಪಕರಣವನ್ನು ಮುಚ್ಚಿದ ಕೋಣೆಯಲ್ಲಿ ಬೆಚ್ಚಗೆ ಇಟ್ಟು ಅದರಿಂದ ಯಾವ ಯಾವ ಅನಿಲ ಹೊರಬರುತ್ತದೆ ಅಂತ ಅಳೆಯುತ್ತಾರೆ. ಅಂಟು, ಬಣ್ಣ, ಲೇಬಲ್, ಎಲ್ಲದರಿಂದಲೂ ಏನಾದರೂ ಬರುತ್ತದೆ. ಬ್ಯಾಟರಿ ಇದ್ದರೆ ಅದಕ್ಕೇ ಬೇರೆ ಕಡತ.

ಈ ಪರಿಶೀಲನೆ ಹಂತ ಹಂತವಾಗಿ ನಡೆಯುತ್ತದೆ. ವಿನ್ಯಾಸ ಕಾಗದದ ಮೇಲಿದ್ದಾಗ ಒಮ್ಮೆ, ವಿನ್ಯಾಸ ಗಟ್ಟಿಯಾದಾಗ ಒಮ್ಮೆ, ಉಪಕರಣ ಕೈಗೆ ಬಂದು ಪರೀಕ್ಷೆ ಮುಗಿದಾಗ ಒಮ್ಮೆ. ಕೊನೆಯ ಹಂತದಲ್ಲಿ ಯಾರೋ "ಈ ಸ್ಕ್ರೂ ಸಿಗಲಿಲ್ಲ, ಬೇರೆ ಹಾಕಿದ್ದೀವಿ" ಅಂದರೆ ಸಭೆಯಲ್ಲಿ ಎಲ್ಲರ ಮುಖ ನೋಡಬೇಕು. ನನ್ನ ಪ್ರಕಾರ ಈ ಕೆಲಸದ ಮುಕ್ಕಾಲು ಭಾಗ ಇದೇ. ಬಯಾಲಜಿ ಉಳಿದ ಕಾಲು ಭಾಗ.

ನಟ್ಟುಬೋಲ್ಟು:

ಮುಕ್ಕಾಲು ಭಾಗ ನಿಮ್ಮದು ಅಂತ ನೀವೇ ಹೇಳಿಕೊಂಡರೆ ಹೇಗೆ ಸಾರ್ 😄 ಕಾಗದಕ್ಕೆ ಮುಂಚೆ ಒಂದು ವಸ್ತು ಇರಬೇಕಲ್ಲ.

ಉಪಕರಣದ ಕಡೆಯಿಂದ ಎರಡೇ ಮಾತು. ಒಂದು, ಶಾಖ. ನೆಲದ ಮೇಲೆ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ತಣ್ಣನೆಯದು ಬಂದು ಸೇರುತ್ತದೆ, ನಿಮ್ಮ ಸರ್ಕ್ಯೂಟ್ ಸದ್ದಿಲ್ಲದೆ ತಣ್ಣಗಾಗುತ್ತದೆ. ಮೇಲೆ ಹಾಗೆ ಆಗುವುದಿಲ್ಲ. ಬಿಸಿಗಾಳಿ ಅಲ್ಲೇ ಸರ್ಕ್ಯೂಟಿನ ಸುತ್ತ ಕೂರುತ್ತದೆ. ಫ್ಯಾನ್ ಬೇಕು, ಇಲ್ಲವೇ ಶಾಖವನ್ನು ಲೋಹದ ಮೂಲಕ ಹೊರಗೆ ಒಯ್ಯಬೇಕು. ಇಲ್ಲಿ ಚೆನ್ನಾಗಿ ಓಡಿತು ಅನ್ನುವುದು ಏನನ್ನೂ ಸಾಬೀತು ಮಾಡುವುದಿಲ್ಲ.

ಎರಡು, ಗುಳ್ಳೆ. ಕೇಳಲು ಚಿಲ್ಲರೆ ವಿಷಯ. ಆದರೆ ದ್ರವ ಇರುವ ಯಾವ ಪ್ರಯೋಗವನ್ನಾದರೂ ಕೆಡಿಸಬಲ್ಲದು. ಇಲ್ಲಿ ಗುಳ್ಳೆ ಮೇಲೆದ್ದು ಹೋಗುತ್ತದೆ, ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿ ಕೊಳವೆಯ ನಡುವೆಯೇ ನಿಲ್ಲುತ್ತದೆ, ಪಂಪ್ ಗಾಳಿಯನ್ನು ತಳ್ಳುತ್ತದೆ, ಜೀವಕೋಶಗಳಿಗೆ ಆಹಾರ ಹೋಗುವುದಿಲ್ಲ, ಕ್ಯಾಮೆರಾ ಮುಂದೆ ಬಂದು ಕೂತರೆ ಚಿತ್ರದಲ್ಲಿ ಗುಳ್ಳೆ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಅದಕ್ಕೇ ದ್ರವ ತುಂಬುವ ಮುಂಚೆ ನಿರ್ವಾತದಲ್ಲಿಟ್ಟು ಅದರೊಳಗೆ ಕರಗಿದ ಗಾಳಿ ತೆಗೆಯುವುದು, ಕೊಳವೆಯನ್ನು ಓರೆ ಹಿಡಿದು ನಿಧಾನವಾಗಿ ತುಂಬುವುದು, ಬೆರಳಿನಿಂದ ತಟ್ಟಿ ಕೊನೆಯ ಗುಳ್ಳೆ ಓಡಿಸುವುದು. ಇಡೀ ದಿನ ಇಬ್ಬರು ಕೂತು ಇದನ್ನೇ ಮಾಡುತ್ತಿರುತ್ತಾರೆ. ಎಲ್ಲ ಮುಗಿಸಿ ತಂಪುಪೆಟ್ಟಿಗೆಯಿಂದ ಬೆಚ್ಚಗಿನ ಜಾಗಕ್ಕೆ ತಂದರೆ ದ್ರವದಿಂದ ಹೊಸ ಗುಳ್ಳೆ ಹುಟ್ಟುತ್ತದೆ, ಮತ್ತೆ ಶುರು.

ಕೆಲವರು ಕೇಳುತ್ತಾರೆ, ಎಲ್ಲ ಆಟೊಮ್ಯಾಟಿಕ್ ಮಾಡಿದರೆ ಆಯಿತಲ್ಲ, ಗಗನಯಾತ್ರಿ ಯಾಕೆ ಬೇಕು ಅಂತ. ಮಾಡುತ್ತಾರೆ, 10 ಸೆಂಟಿಮೀಟರ್ ಘನದ ಡಬ್ಬಿಯೊಳಗೆ ಪಂಪು, ಕ್ಯಾಮೆರಾ, ಹೀಟರ್ ಎಲ್ಲ ತುರುಕಿ ಕಳಿಸುವುದೂ ಇದೆ. ಅಲ್ಲಿ ಗಗನಯಾತ್ರಿ ಕೇಬಲ್ ಸಿಕ್ಕಿಸಿದರೆ ಸಾಕು. ಆದರೆ ಅಂಥದ್ದು ಕೆಟ್ಟರೆ ತೆಗೆದು ನೋಡುವವರಿಲ್ಲ, ಹಾಗಾಗಿ ನೆಲದ ಮೇಲಿನ ಕೆಲಸ ಎರಡರಷ್ಟು.

ಸುಮ್ನೆಕೇಳ್ದೆ:

ಅಬ್ಬಾ, ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಉಡಾವಣೆ ಮುಂದಕ್ಕೆ ಹೋಗುವುದು ಮಾಮೂಲಿ ಅಲ್ವಾ? ಆಗ ಜೀವ ಇರುವ ಮಾದರಿಗಳ ಗತಿ ಏನು? ಮತ್ತೆ, ರಾಕೆಟ್ಟೇ ನಾಶವಾಗಿಬಿಟ್ಟರೆ?

ರಾತ್ರಿಪಾಳಿ:

ಈ ಪ್ರಶ್ನೆ ನನಗೆ. ಹೆಸರು ನೋಡಿದರೆ ಗೊತ್ತಾಗಬೇಕು.

ಬಟ್ಟೆಬರೆ, ಆಹಾರ, ಬಿಡಿಭಾಗ ಇವೆಲ್ಲ ಸರಕು ನೌಕೆಗೆ ಬಹಳ ಮುಂಚೆಯೇ ಹೋಗುತ್ತವೆ. ಜೀವ ಇರುವ ಮಾದರಿಗಳು ಕೊನೆಗೆ. ಸ್ಪೇಸ್‌ಎಕ್ಸ್ ಕಂಪನಿಯ ಸರಕು ನೌಕೆ ಕಾರ್ಗೊ ಡ್ರ್ಯಾಗನ್ ಆದರೆ ಉಡಾವಣೆಗೆ ಸುಮಾರು ಒಂದು ದಿನ ಮುಂಚೆ. ಅದರ ಹಿಂದಿನ ದಿನಗಳಲ್ಲಿ ಉಡಾವಣಾ ಕೇಂದ್ರದ ಲ್ಯಾಬುಗಳು ಮದುವೆ ಮನೆ ಥರ ಇರುತ್ತವೆ. ಒಬ್ಬರು ಜೀವಕೋಶ ಎಣಿಸುತ್ತಿರುತ್ತಾರೆ, ಇನ್ನೊಬ್ಬರು ಇಲಿಗಳನ್ನು ತೂಗುತ್ತಿರುತ್ತಾರೆ, ಮತ್ತೊಬ್ಬರು ಇನ್‌ಕ್ಯುಬೇಟರ್ ಮುಂದೆ ಕುರ್ಚಿಯಲ್ಲೇ ನಿದ್ದೆ. ಉಡಾವಣೆಯ ಹೊತ್ತು ನಿರ್ಧಾರ ಮಾಡುವುದು ನಿಲ್ದಾಣದ ಕಕ್ಷೆ, ನಮ್ಮ ನಿದ್ದೆ ಅಲ್ಲ. ಹಾಗಾಗಿ ಮಾದರಿ ಒಪ್ಪಿಸುವ ಹೊತ್ತು ಎಷ್ಟೋ ಸಲ ಬೆಳಗಿನ ಜಾವಕ್ಕೇ ಬರುತ್ತದೆ.

ಮುಂದೂಡಿದರೆ ಏನು ಅಂದರೆ, ಅದಕ್ಕೆ ಮೊದಲೇ ಲೆಕ್ಕ ಹಾಕಿರಬೇಕು. ನಿಮ್ಮ ಮಾದರಿ ಎಷ್ಟು ಹೊತ್ತು ತಡೆಯುತ್ತದೆ ಅಂತ ನೀವೇ ಬರೆದುಕೊಟ್ಟಿರುತ್ತೀರಿ. ಅದಕ್ಕಿಂತ ಜಾಸ್ತಿ ತಡವಾದರೆ ಹಳೆಯದನ್ನು ಇಳಿಸಿ ಹೊಸದನ್ನು ಹತ್ತಿಸಬೇಕು. ಹೊಸದು ತಕ್ಷಣ ಎಲ್ಲಿಂದ ಬರಬೇಕು? ಮೊದಲ ದಿನಾಂಕಕ್ಕೆ ಒಂದು ಕಂತು ಮಾದರಿ, ಮರುದಿನಕ್ಕೆ ಇನ್ನೊಂದು, ಅದರ ಮರುದಿನಕ್ಕೆ ಮತ್ತೊಂದು ಅಂತ ಬೆಳೆಸುತ್ತಲೇ ಇರಬೇಕು. ಮೊದಲ ಸಲವೇ ರಾಕೆಟ್ ಹಾರಿದರೆ ಉಳಿದದ್ದೆಲ್ಲ ಕಸದ ಬುಟ್ಟಿಗೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಕುಣಿಯುತ್ತಾರೆ.

ರಾಕೆಟ್ಟೇ ನಾಶವಾದ ಉದಾಹರಣೆಗಳೂ ಇವೆ. 2014ರ ಅಕ್ಟೋಬರ್ 28ರಂದು ಆಂಟಾರೆಸ್ ರಾಕೆಟ್ ಅಮೆರಿಕದ ವಾಲಪ್ಸ್ ಉಡಾವಣಾ ಕಟ್ಟೆ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಸ್ಫೋಟವಾಯಿತು. 2015ರ ಜೂನ್ 28ರಂದು ಫಾಲ್ಕನ್ 9 ಹಾರಿದ ಎರಡು ನಿಮಿಷ ಚಿಲ್ಲರೆಯಲ್ಲಿ ಚೂರುಚೂರಾಯಿತು. ಎರಡರಲ್ಲೂ ಶಾಲಾ ಮಕ್ಕಳ ಪ್ರಯೋಗಗಳಿದ್ದವು. ಅದಕ್ಕೆ ಪರಿಹಾರ ಒಂದೇ, ಮತ್ತೆ ಮಾಡುವುದು. ಎರಡನೇ ಡಬ್ಬಿ, ಅದೇ ಬ್ಯಾಚಿನ ಬೀಜ, ಬರೆದಿಟ್ಟ ಕ್ರಮ ಇವೆಲ್ಲ ನೆಲದ ಮೇಲೆ ಉಳಿದಿದ್ದರೆ ಮತ್ತೆ ಮಾಡಬಹುದು. ಉಳಿಸಿಕೊಳ್ಳದವರಿಗೆ ಕಷ್ಟ.

ಕೊಲಂಬಿಯಾ ನೌಕೆಯ ವಿಷಯ ಇದಕ್ಕೆ ಹೋಲಿಸುವಂಥದ್ದಲ್ಲ, ಏಳು ಗಗನಯಾತ್ರಿಗಳು ಜೀವ ಕಳೆದುಕೊಂಡರು. ಆದರೂ ಒಂದು ಹೇಳಬೇಕು. 2003ರ ಫೆಬ್ರವರಿ 1ರಂದು ಅದು ಮುರಿದುಬಿದ್ದಾಗ ಒಳಗೆ ಸಿ. ಎಲೆಗನ್ಸ್ ಅನ್ನುವ ಪುಟ್ಟ ಹುಳುಗಳ ಡಬ್ಬಿಗಳಿದ್ದವು. ಅವಶೇಷಗಳಲ್ಲಿ ಸಿಕ್ಕಿದ ಡಬ್ಬಿಗಳನ್ನು ಏಪ್ರಿಲ್ ಕೊನೆಯಲ್ಲಿ ತೆರೆದಾಗ ಹುಳುಗಳು ಜೀವಂತ ಇದ್ದವು. ಹೋದ ಹುಳುಗಳಲ್ಲ, ಅವುಗಳ ಮುಂದಿನ ಪೀಳಿಗೆಗಳು. ಡಬ್ಬಿ ಮಾಡಿದವರು ಅಂಥ ಪರೀಕ್ಷೆಗೆ ಅಂತ ಮಾಡಿರಲಿಲ್ಲ.

ಇನ್ನು ವಾಪಸ್ ಬರುವುದು. ಅದನ್ನು ಯಾರೂ ಕೇಳುವುದಿಲ್ಲ. ನಿಲ್ದಾಣದಲ್ಲಿ ಮೈನಸ್ 80 ಡಿಗ್ರಿಯಲ್ಲಿದ್ದ ಮಾದರಿ ಸಮುದ್ರಕ್ಕೆ ಇಳಿದು ಲ್ಯಾಬು ಸೇರುವವರೆಗೆ ಕರಗಬಾರದು. 2020ರವರೆಗೆ ಡ್ರ್ಯಾಗನ್ ಕ್ಯಾಲಿಫೋರ್ನಿಯಾ ಕಡೆಯ ಪೆಸಿಫಿಕ್ ಸಾಗರದಲ್ಲಿ ಇಳಿಯುತ್ತಿತ್ತು, ಹಡಗಿನಲ್ಲಿ ದಡ ಸೇರಲು ಹೊತ್ತಾಗುತ್ತಿತ್ತು. 2021ರ ಜನವರಿಯಲ್ಲಿ ಮೊದಲ ಸಲ ಹೊಸ ಕಾರ್ಗೊ ಡ್ರ್ಯಾಗನ್ ಫ್ಲಾರಿಡಾ ಕಡೆ ಇಳಿಯಿತು, ಅವಸರದ ಮಾದರಿಗಳನ್ನು ಹೆಲಿಕಾಪ್ಟರಿನಲ್ಲಿ ಅಲ್ಲಿನ ಕೆನಡಿ ಬಾಹ್ಯಾಕಾಶ ಕೇಂದ್ರಕ್ಕೆ ತಂದರು. 2025ರಿಂದ ಮತ್ತೆ ಕ್ಯಾಲಿಫೋರ್ನಿಯಾ ಕಡೆಯೇ ಇಳಿಯುತ್ತಿದೆ. ಮೇಲಿನಿಂದ ಬಂದ ಜೀವಕೋಶ ಗುರುತ್ವಕ್ಕೆ ಮತ್ತೆ ಒಗ್ಗಿಕೊಳ್ಳಲು ಶುರು ಮಾಡುತ್ತದೆ, ಅದಕ್ಕೆ ಮುಂಚೆ ಅದನ್ನು ಹಿಡಿಯಬೇಕು. ಗಂಟೆಗಳು ಲೆಕ್ಕಕ್ಕೆ ಬರುತ್ತವೆ.

ಒಗ್ಗರಣೆಮಾತು:

ನಾನು ಈ ಕ್ಷೇತ್ರದವನಲ್ಲ, ಸುಮ್ನೆ ಓದುತ್ತಿದ್ದೆ. ಇಷ್ಟೆಲ್ಲ ಮಾಡಿದವರ ಹೆಸರು ಎಲ್ಲೂ ಬರುವುದಿಲ್ಲವಲ್ಲ? ಫೋಟೊ ಗಗನಯಾತ್ರಿಯದು, ಪ್ರಬಂಧ ಪ್ರೊಫೆಸರದು. ನಿಮಗೇನು?

ಹಸಿರೆಲೆ:

ಪ್ರಬಂಧದಲ್ಲಿ ಹೆಸರು ಬರುತ್ತದೆ, ಕೆಲವೊಮ್ಮೆ ಲೇಖಕರ ಸಾಲಿನಲ್ಲಿ, ಕೆಲವೊಮ್ಮೆ ಕೊನೆಯ ಧನ್ಯವಾದದಲ್ಲಿ. ಎಲ್ಲಿ ಬರುತ್ತದೆ ಅನ್ನುವುದು ವಿಜ್ಞಾನಿಯ ಗುಣದ ಮೇಲೆ ಹೋಗುತ್ತದೆ. ಇದರ ಬಗ್ಗೆ ನನಗೆ ಸಿಟ್ಟಿದೆ, ಆದರೆ ಆ ಸಿಟ್ಟಿಗೆ ಇದು ಜಾಗ ಅಲ್ಲ.

ಸುಮ್ನೆಕೇಳ್ದೆ:

ಕೊನೆಯ ಪ್ರಶ್ನೆ, ಬೈಯಬೇಡಿ. ಈಗಿನಿಂದ ನಾನು ಏನು ಕಲಿಯಬೇಕು?

ರಾತ್ರಿಪಾಳಿ:

ಬರೆಯುವುದು. ಪ್ರಬಂಧ ಅಲ್ಲ, ಕೆಲಸದ ಕ್ರಮ. ಗಗನಯಾತ್ರಿ ಡಾಕ್ಟರ್ ಇರಬಹುದು, ಪೈಲಟ್ ಇರಬಹುದು, ನಿಮ್ಮ ವಿಷಯ ಓದಿದವರೇ ಇರಬೇಕು ಅಂತಿಲ್ಲ. ಅವರ ವೇಳಾಪಟ್ಟಿಯಲ್ಲಿ ನಿಮಗೆ ಸಿಗುವುದು ಸ್ವಲ್ಪ ಹೊತ್ತು. ನೀವು ಸಾಮಾನ್ಯವಾಗಿ ನೇರವಾಗಿ ಮಾತಾಡುವಂತೆಯೂ ಇಲ್ಲ, ಪ್ರಯೋಗಗಳ ಮಾತುಕತೆ ಅಮೆರಿಕದ ಹಂಟ್ಸ್‌ವಿಲ್‌ನಲ್ಲಿರುವ ನಾಸಾ ಕೇಂದ್ರದಿಂದ ನಡೆಯುತ್ತದೆ, 2001ರಿಂದ ಹಗಲೂ ರಾತ್ರಿ. ಹಾಗಾಗಿ ಹಾಳೆಯಲ್ಲಿ ಇರುವುದಷ್ಟೇ ನಿಮ್ಮ ಮಾತು. "ಚೆನ್ನಾಗಿ ಅಲ್ಲಾಡಿಸಿ" ಅಂತ ಬರೆದರೆ ಒಬ್ಬರು ಎರಡು ಸಲ ಅಲ್ಲಾಡಿಸುತ್ತಾರೆ, ಇನ್ನೊಬ್ಬರು ಒಂದು ನಿಮಿಷ. ಯಾವ ಕಡೆಗೆ, ಎಷ್ಟು ಸಲ, ಆಮೇಲೆ ಏನು ಕಾಣಬೇಕು, ಕಾಣದಿದ್ದರೆ ಏನು ಮಾಡಬೇಕು, ಎಲ್ಲ ಬರೆಯಬೇಕು.

ಮನೆಪಾಠ ಕೊಡುತ್ತೇನೆ. ನಿಮ್ಮ ಲ್ಯಾಬಿನ ಯಾವುದಾದರೂ ಸುಲಭದ ಕೆಲಸದ ಕ್ರಮ ಬರೆಯಿರಿ. ನಿಮ್ಮ ವಿಷಯ ಗೊತ್ತಿಲ್ಲದ ಸ್ನೇಹಿತನಿಗೆ ಎರಡು ಜೊತೆ ಗ್ಲೌಸ್ ಹಾಕಿಸಿ, ಹಾಳೆ ಕೊಟ್ಟು, ನೀವು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರಿ. ಬಾಯಿ ತೆರೆಯಬೇಕು ಅನ್ನಿಸಿದ ಪ್ರತಿ ಜಾಗದಲ್ಲೂ ಹಾಳೆ ತಿದ್ದಬೇಕು.

ಕಾಗದಹುಲಿ:

ಮತ್ತು ಮಾದರಿಗಳ ಮೇಲೆ ಲೇಬಲ್ ಬರೆಯುವಾಗ ಮೈನಸ್ 80ರಲ್ಲಿ ಉದುರದ ಲೇಬಲ್ ಬಳಸಿ. ಇದನ್ನು ಈಗಲೇ ಅಭ್ಯಾಸ ಮಾಡಿಕೊಳ್ಳಿ.

ತಕ್ಕಡಿ:

ತಡವಾಗಿ ನೋಡಿದೆ. ಒಂದು ವಿಷಯ ಯಾರೂ ಹೇಳಿಲ್ಲ. ಹೋಲಿಕೆಯ ಪ್ರಯೋಗ. ಮೇಲೆ ಹೋದದ್ದಕ್ಕೆ ಜೋಡಿಯಾಗಿ ಅದೇ ಡಬ್ಬಿ, ಅದೇ ಬೀಜ ಇಟ್ಟು ನೆಲದ ಮೇಲೆ ಇನ್ನೊಂದು ಪ್ರಯೋಗ ನಡೆಯಬೇಕು. ಅದನ್ನು ನಡೆಸುವವರೂ ಇದೇ ತೆರೆಮರೆಯವರು. ಕೆನಡಿ ಕೇಂದ್ರದಲ್ಲಿ ಅದಕ್ಕೆ ಬೇರೆ ಕೋಣೆಗಳಿವೆ. ನಿಲ್ದಾಣದ ಉಷ್ಣತೆ, ತೇವ, ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು ಅಂತ ಮೇಲಿನಿಂದ ಮಾಹಿತಿ ತರಿಸಿಕೊಂಡು ಸ್ವಲ್ಪ ತಡವಾಗಿ ಅದೇ ಹವೆಯನ್ನು ಇಲ್ಲಿ ಸೃಷ್ಟಿಸುತ್ತಾರೆ. ನಿಲ್ದಾಣದಲ್ಲಿ ಇಂಗಾಲದ ಡೈಆಕ್ಸೈಡ್ ನಮ್ಮ ಗಾಳಿಗಿಂತ ಹಲವು ಪಟ್ಟು ಜಾಸ್ತಿ. ಅದನ್ನು ಹೊಂದಿಸದೆ ಹೋಲಿಸಿದರೆ ಗಿಡದಲ್ಲಿ ಕಂಡ ಬದಲಾವಣೆ ಗುರುತ್ವದ್ದೋ ಗಾಳಿಯದ್ದೋ ಗೊತ್ತಾಗುವುದಿಲ್ಲ.

ಅಷ್ಟು ಮಾಡಿದರೂ ಪೂರ್ತಿ ಸಮ ಆಗುವುದಿಲ್ಲ. ನೆಲದ ಜೋಡಿಗೆ ರಾಕೆಟ್ಟಿನ ನಡುಕ ಇಲ್ಲ, ಮೇಲಿನ ವಿಕಿರಣ ಇಲ್ಲ. ಸರಿಯಾದ ಹೋಲಿಕೆ ಬೇಕಾದರೆ ನಿಲ್ದಾಣದಲ್ಲೇ ಒಂದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಭೂಮಿಯಷ್ಟೇ ತೂಕ ಕೊಟ್ಟ ಮಾದರಿಯೂ ಇರಬೇಕು. ಜಪಾನಿನ ಕಿಬೊ ಘಟಕದಲ್ಲಿ ಆ ವ್ಯವಸ್ಥೆ ಇದೆ, ಯುರೋಪಿನವರ ಕ್ಯೂಬಿಕ್ ಇನ್‌ಕ್ಯುಬೇಟರಿನಲ್ಲೂ ಇದೆ. ಆದರೆ ಅದಕ್ಕೆ ಜಾಗ ಕೊಟ್ಟರೆ ತೇಲುವ ಮಾದರಿಗಳ ಸಂಖ್ಯೆ ಕಡಿಮೆಯಾಗುತ್ತದೆ. ಯಾವುದು ಬಿಡಬೇಕು ಅಂತ ಸಭೆಗಳಲ್ಲಿ ದೊಡ್ಡ ಜಗಳವೇ ಆಗುತ್ತದೆ.

ಹಸಿರೆಲೆ:

ನಾನು ಸೆಂಟ್ರಿಫ್ಯೂಜ್ ಪರ. ಮಾದರಿ ಕಡಿಮೆಯಾದರೆ ಇನ್ನೊಂದು ಸಲ ಕಳಿಸಿ ಅಂತ ಕೇಳಬಹುದು. ಹೋಲಿಸಲು ಏನೂ ಇಲ್ಲದ ಫಲಿತಾಂಶ ತಂದರೆ ಇನ್ನೊಂದು ಸಲ ಕಳಿಸಿ ಅಂತ ಕೇಳಲು ಬಾಯಿ ಬರುವುದಿಲ್ಲ.

ನಟ್ಟುಬೋಲ್ಟು:

ತಿರುಗುವ ಭಾಗ ಅಂದರೆ ನಡುಕ, ಸದ್ದು, ಬೇರಿಂಗು, ಇನ್ನೊಂದು ಸುರಕ್ಷತಾ ಕಡತ. ಕಾಗದಹುಲಿ ಸಾರ್ ಖುಷಿಯಾಗಿರಬೇಕು.